ಅರವತ್ತು ಸೆಕೆಂಡಿನ ರೇಟು

ಹಾಸನದ ಎಪಿಎಂಸಿ ಗೇಟಿನ ಹೊರಗೆ ಬೆಳಗಿನ ಆರೂಕಾಲು.
ಶಾಂತಿಗ್ರಾಮದ ದ್ಯಾವಪ್ಪನ ಮೊಬೈಲಿನಲ್ಲಿ ಬಿತ್ತನೆ ಆಲೂಗಡ್ಡೆ
ಚೀಲಕ್ಕೆ ಸಾವಿರದ ನಾನೂರು;
ಪಕ್ಕದಲ್ಲೇ ನಿಂತ ದುದ್ದದ ಫರ್ಜಾನಾಳ ಮೊಬೈಲಿನಲ್ಲಿ
ಸಾವಿರದ ನಾನೂರ ಎಪ್ಪತ್ತು.
"ಒಂದೇ ಆ್ಯಪಿಗೆ ಎರಡು ನಾಲಿಗೆಯೇನಮ್ಮ?"

ತಪ್ಪು ನನ್ನದೇ.
ಮುಂಬೈಯಲ್ಲೆಲ್ಲೋ ಬಾಡಿಗೆಗೆ ಹಿಡಿದ ಎರಡು ಸರ್ವರಿಗೆ
ನೆನಪಿಟ್ಟುಕೊಳ್ಳಿ ಎಂದಿದ್ದೆ,
ಒಂದನ್ನೊಂದು ಕೇಳಿಕೊಳ್ಳಿ ಎಂದಿರಲಿಲ್ಲ.
ಸಾವಿರ ಜನ ಕೇಳಿದರೂ ಕೇಳುವುದು ಅದೇ ಒಂದು ಮಾತು,
ಸಲಸಲಕ್ಕೂ ಡೇಟಾಬೇಸನ್ನು ಎಬ್ಬಿಸುವುದೇಕೆ ಅಂತ
ಉತ್ತರವನ್ನು ಅಲ್ಲಲ್ಲೇ ಮಡಗಿದ್ದೆ:
ಮಾತು ಬಿಟ್ಟ ಓರಗಿತ್ತಿಯರು
ಒಂದೇ ಅಡುಗೆಮನೆಯಲ್ಲಿ
ಬೇರೆಬೇರೆ ಉಪ್ಪಿನ ಮರಿಗೆ ಇಟ್ಟ ಹಾಗೆ.

ಟೀ ಗಾಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ.
ಇಬ್ಬರಿಗೂ ನಡುವೆ ಒಂದೇ ಮರಿಗೆ. ಹೆಸರು ರೆಡಿಸ್.
ಉಪ್ಪು ಚೆಲ್ಲಬಾರದು ಅನ್ನುತ್ತಿದ್ದಳು ಅಜ್ಜಿ,
ಇದನ್ನು ಚೆಲ್ಲಲೇಬೇಕು:
ಅರವತ್ತು ಸೆಕೆಂಡಿಗೊಮ್ಮೆ,
ಒಳಗೆ ರೇಟು ಕೂಗಿದರೆ ಅದಕ್ಕೂ ಮೊದಲೇ.

ಟೀ ಆರಿತ್ತು.
ಈಗ ಎರಡರಲ್ಲೂ ನಾನೂರ ಎಪ್ಪತ್ತು.
ಫರ್ಜಾನಾ ಚೀಲ ಎಣಿಸಲು ಒಳಗೆ ಹೋದಳು.
ದ್ಯಾವಪ್ಪ ಮಾತ್ರ ಮೊಬೈಲನ್ನು ಪಂಚೆಗೆ ಒರೆಸಿ, ಮತ್ತೆ ನೋಡಿ,
"ಆಗಿಂದೇ ಚೆನ್ನಾಗಿತ್ತಲ್ಲವ್ವ" ಅಂದ.