ಎರಡು ಬೈಟು ಖಾಲಿ

ಔಲು ಊರಿನಲ್ಲಿ ಡಿಸೆಂಬರಿನ ಮೂರು ಗಂಟೆಗೇ ರಾತ್ರಿ.
ಆರಕ್ಕೆ ಮನೆಗೆ ಹೋದ ಹಿಲ್ಕಾ ರೌತಿಯೊ
ಏಳಕ್ಕೆ ಮರಳಿ ಬಂದು, ಒಂದು ಕೈಗವಸು ಬಿಚ್ಚಿ
ಇನ್ನೊಂದನ್ನು ಮರೆತು ಕೂತಿದ್ದಾಳೆ
ಕರ್ನೆಲ್ಲಿನ ಹೊಟ್ಟೆ ಬಗೆದುಕೊಂಡು.

ಮೇಜಿನ ಮೇಲೆ, ಬಂದರಿನ ಕಂಬದಿಂದ ಇಳಿಸಿ ತಂದ ಹಳೆಯ ರೂಟರು.
ಸೆಕೆಂಡಿಗೆ ಲಕ್ಷ ಪ್ಯಾಕೆಟ್ಟು, ಒಂದೊಂದರ ಹಣೆಬರಹವನ್ನೂ
ಓದಿಯೇ ಮುಂದೆ ಕಳಿಸಬೇಕು:
ಎಲ್ಲಿಂದ, ಎಲ್ಲಿಗೆ, ಇನ್ನೆಷ್ಟು ಆಯಸ್ಸು.

ಮೊದಲ ಹೊದಿಕೆ ಹದಿನಾಲ್ಕು ಬೈಟು.
ನಾಲ್ಕು ನಾಲ್ಕಾಗಿ ತುತ್ತು ಮಾಡುವ ಯಂತ್ರಕ್ಕೆ
ಹದಿನಾಲ್ಕೆಂದರೆ ಗಂಟಲಲ್ಲಿ ಸಿಕ್ಕಿದ ಹಾಗೆ.
ಅದರ ಹಿಂದೆ ಬಂದ ವಿಳಾಸವೋ
ಅಡ್ಡಗೋಡೆಯ ಮೇಲಿಟ್ಟ ದೀಪ,
ಅರ್ಧ ಈಚೆ, ಅರ್ಧ ಆಚೆ;
ಎರಡು ಸಲ ಎತ್ತಿ, ಸರಿಸಿ, ಹೊಲಿದು ಓದಬೇಕು.

ವಾರವಿಡೀ ಹೆಣಗಿದ್ದಳು.
ಅಪರೂಪದ ಷರತ್ತುಗಳನ್ನು ಹಿಂದಕ್ಕೆ ತಳ್ಳಿ,
ಬೇಕಾಗುವುದನ್ನು ಮುಂಚೆಯೇ ಕ್ಯಾಶಿಗೆ ಕರೆಸಿ.
ಸಿಕ್ಕಿದ್ದು ಚಿಲ್ಲರೆ.

ಇವತ್ತು ಸಂಜೆ ಬೆನ್ನ ಹಿಂದೆ ಹೊರಬಾಗಿಲು ಮುಚ್ಚಿತ್ತು,
ಒಳಬಾಗಿಲು ಇನ್ನೂ ತೆರೆದಿರಲಿಲ್ಲ.
ಚಳಿ ತಡೆಯಲೆಂದು ಆ ಊರವರು ಬಿಡುವ ಗಾಳಿಗೂಡು ಅದು,
ಯಾರೂ ವಾಸಿಸದ, ಏನೂ ಇಡದ
ಎರಡು ಹೆಜ್ಜೆ ಜಾಗ.
ಬೂಟಿನ ಹಿಮ ಕೊಡವುತ್ತ ನಿಂತಳು,
ಕೊಡವಿ ಮುಗಿದ ಮೇಲೂ ನಿಂತೇ ಇದ್ದಳು.

ಈಗ ಬರೆಯುತ್ತಾಳೆ ಒಂದೇ ಸಾಲು:
ಬಫರಿನ ಬಾಯಲ್ಲಿ ಎರಡು ಬೈಟು ಬಿಟ್ಟುಬಿಡು.
ಹದಿನಾಲ್ಕು ಹದಿನಾರಾಯಿತು. ವಿಳಾಸ
ಹೊಸ್ತಿಲ ಒಳಗೆ ಇಡಿಯಾಗಿ ಕಾಲೂರಿತು.

‘ಆ ಎರಡರಲ್ಲಿ ಏನಿದೆ?’ ಓಸ್ಮೊ ಕೇಳಿದ, ಕಾಫಿ ಹಿಡಿದು.
‘ಏನೂ ಇಲ್ಲ. ತುಂಬಬೇಡ.’

ದೊಡ್ಡ ಸರ್ವರುಗಳಿಗೆ ಇದು ಬೇಡ,
ಹೇಗಿಟ್ಟರೂ ಅರೆಯುವ ಹಲ್ಲು ಅವಕ್ಕುಂಟು.
ಅಲ್ಲಿ ಸೊನ್ನೆ ಎಂದೇ ಬರೆದು
ಆಮೇಲೆ ನೋಡಿಕೊಂಡಳು,
ಎಡಗೈಯಲ್ಲಿ ಇನ್ನೂ ಕೈಗವಸು.