ರಜೆ ಅರ್ಜಿಯ ಹಿಂಬದಿ

ರುದ್ರಾಚಾರ್ ಸರ್,
ಮುಂಬದಿಯಲ್ಲಿ ಕೇಳಿದ್ದೆಲ್ಲ ತುಂಬಿದ್ದೇನೆ:
ಹಾಲೇಶ, ಟೋಕನ್ ಮುನ್ನೂರ ಹನ್ನೆರಡು, ಎರಕದ ವಿಭಾಗ.
'ಕಾರಣ' ಎಂಬಲ್ಲಿ ಇದ್ದದ್ದು ಒಂದೇ ಗೆರೆ.
ಹಿಡಿಸಲಿಲ್ಲ.

ಮಗು ಹುಟ್ಟಿದೆ, ಏಳು ತಿಂಗಳಿಗೇ.
ಒಂದು ಕೇಜಿ ಮುನ್ನೂರ ನಲವತ್ತು ಗ್ರಾಂ.
ಮಾಚೇನಹಳ್ಳಿಯ ನಮ್ಮ ಶೆಡ್ಡಿನಲ್ಲಿ
ಇಷ್ಟು ಹಗುರದ್ದೇನೂ ಎರೆಯುವುದಿಲ್ಲ,
ಪಂಪಿನ ಮುಚ್ಚಳವೂ ಎರಡು ಕೇಜಿ ತೂಗುತ್ತದೆ.

ಕುಸುಮಾಗೆ ಬಿ.ಪಿ. ಇಳಿದಿಲ್ಲ, ಅವಳು ಮೇಲಿನ ವಾರ್ಡು.
ಕೆಳಗೆ, ಮೆಗ್ಗಾನ್ ಆಸ್ಪತ್ರೆಯ ಬಿಸಿ ಕೋಣೆಯಲ್ಲಿ
ಸಿಸ್ಟರ್ ಜೆಸಿಂತಾ ನನ್ನ ಅಂಗಿ ಬಿಚ್ಚಿಸಿ
ಮಗುವನ್ನು ಎದೆಗೆ ಕಟ್ಟಿದರು.
ಅಪ್ಪನ ಮೈಬಿಸಿಯೂ ಔಷಧಿ, ಅಲ್ಲಾಡಬೇಡಿ ಅಂದರು.
ಎಷ್ಟು ದಿನ?
ಅದಕ್ಕೆ ಮೈ ಕೂಡುವವರೆಗೆ.

ಸರ್, ಹದಿನಾಲ್ಕು ವರ್ಷ ಕುಲುಮೆ ಮುಂದೆ ನಿಂತವನು ನಾನು.
ಹೊಯ್ದ ಕೂಡಲೆ ಯಾರೂ ಅಚ್ಚು ಒಡೆಯುವುದಿಲ್ಲ.
ಮರಳೊಳಗೇ ಬಿಡುತ್ತೇವೆ, ತನ್ನಷ್ಟಕ್ಕೆ ಆರಲಿ ಅಂತ.
ಅವಸರ ಮಾಡಿದರೆ ಬಿರುಕು.
ಆ ಗಂಟೆಗಳನ್ನು ಯಾರೂ
ಗೈರುಹಾಜರಿ ಅಂತ ಬರೆದದ್ದಿಲ್ಲ.
ಇದರ ಅಚ್ಚು ತಾನಾಗಿ ಒಡೆಯಿತು.
ಈಗ ನಾನೇ ಮರಳು.

ನಿನ್ನೆ ದಾದಾಪೀರ್ ನನ್ನ ಪಾಳಿಯನ್ನೂ ಹೊತ್ತು
ರಾತ್ರಿ ಖಾರಮಂಡಕ್ಕಿ ತಂದ.
ಪೊಟ್ಟಣದ ಕಾಗದದಲ್ಲೇ ಓದಿದ್ದು:
ದೆಹಲಿಯಲ್ಲೊಂದು ಮಸೂದೆ ಬರಬಹುದಂತೆ,
ಹೆರಿಗೆಗೆ, ಕಾಯಿಲೆಗೆ, ಮನೆಯವರ ಆರೈಕೆಗೆ
ಸಂಬಳ ಸಹಿತ ರಜೆ. ಅಪ್ಪಂದಿರಿಗೂ.
ಎಷ್ಟು ವಾರ ಅನ್ನುವಲ್ಲಿ ಎಣ್ಣೆ ಇಳಿದಿತ್ತು.
ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ,
ಆಚೆ ಬದಿಯ ಟೆಂಡರ್ ಜಾಹೀರಾತು ಕಂಡಿತು.

ಮಸೂದೆಗೂ ಎಷ್ಟು ತಿಂಗಳು ತುಂಬಬೇಕೋ!
ಇದು ಕಾಯುವ ಪೈಕಿ ಅಲ್ಲ.
ಆಗಾಗ ಉಸಿರಾಡುವುದನ್ನೇ ಮರೆಯುತ್ತದೆ,
ಅಂಗಾಲಿಗೆ ಬೆರಳು ತಟ್ಟಿ ನೆನಪಿಸಬೇಕು.

'ಸ್ವಂತ ಕಾಯಿಲೆ' ಅಂತ ಬರಿ ಮಾರಾಯ,
ಎರಡು ದಿನ ಹೇಗೋ ಹೊಂದಿಸುತ್ತೇನೆ, ಅಂದಿರಿ ಫೋನಿನಲ್ಲಿ.
ನೀವು ಒಳ್ಳೆಯವರು.
ನಿಮ್ಮ ತಾಯಿ ಸೊಂಟ ಮುರಿದುಕೊಂಡು ಮಲಗಿದ್ದಾಗ
ಊಟದ ಅರ್ಧ ಗಂಟೆಯಲ್ಲಿ ನೀವು ಸ್ಕೂಟರಿನಲ್ಲಿ
ಮನೆಗೆ ಹೋಗಿ ಅವರನ್ನು ಮಗ್ಗುಲು ಹೊರಳಿಸಿ ಬರುತ್ತಿದ್ದುದು
ಗೇಟಿನವರಿಗೆಲ್ಲ ಗೊತ್ತು.
ಊಟ ಮಾಡುತ್ತಿದ್ದಿರೋ ಇಲ್ಲವೋ, ನಾವು ಕೇಳಲಿಲ್ಲ.

ಸುಳ್ಳು ಬರೆಯಲಾರೆ ಸರ್. ನನಗೆ ಕಾಯಿಲೆ ಇಲ್ಲ,
ಇಷ್ಟು ಗಟ್ಟಿಯಾಗಿ ನಾನು ಎಂದೂ ಇರಲಿಲ್ಲ.
ಹಿಡಿಯುವಷ್ಟು ಸಂಬಳ ಹಿಡಿಯಿರಿ,
ಹೆಸರು ಮಾತ್ರ ಹೊಡೆಯಬೇಡಿ.

ಅಕ್ಷರ ಸೊಟ್ಟಗಿವೆ, ತಪ್ಪು ತಿಳಿಯಬೇಡಿ.
ಬರೆಯುತ್ತಿರುವುದು ಎಡಗೈ.
ಬಲಗೈ ಡ್ಯೂಟಿಯಲ್ಲಿದೆ.