ಕರಡು

ಪಂಚಾಯತಿನ ನೋಟೀಸು ಹಲಗೆಯಲ್ಲಿ
ರಕ್ತದಾನ ಶಿಬಿರದ ಚೀಟಿಯ ಅಡಿಗೆ
ಅರ್ಧ ಮಾತ್ರ ಕಾಣುತ್ತಿತ್ತು ಆ ಕಾಗದ.
ಮಲಯಾಳದಲ್ಲಿ. ಏಳು ಪುಟ. ಕೊನೆಯ ದಿನ ಹದಿನೇಳು.
ಹೊಸ ಕಾನೂನಿನ ಕರಡು.

ಕರಡು ಅಂದರೆ ಇಲ್ಲಿ ಎರಡು ಭಾಷೆಗೂ ಕರಡೇ.
ಆ ಭಾಷೆಯಲ್ಲಿ ಮಾತ್ರ
ಕಣ್ಣಿಗೆ ಬಿದ್ದ ಕಸಕ್ಕೂ ಅದೇ ಹೆಸರು.

ನಾನು ಉಪ್ಪಳದಲ್ಲಿ ಅರ್ಜಿ ಬರೆಯುವವ.
ಕೊಡೆ ರಿಪೇರಿಯವನ ಪಕ್ಕದ ಮೇಜು.
ಕನ್ನಡದಲ್ಲಿ ಅತ್ತದ್ದನ್ನು ಮಲಯಾಳದಲ್ಲಿ
ವಿನಯಪೂರ್ವಕ ಮಾಡಿ ಕೊಡುತ್ತೇನೆ, ಐವತ್ತು ರೂಪಾಯಿ.
ತಿರುವನಂತಪುರ ದೂರ ಇರುವಷ್ಟು ಕಾಲ
ನನ್ನ ಮನೆಯ ಒಲೆ ಉರಿಯುತ್ತದೆ.
ಈ ಮಾತನ್ನು ಯಾರಲ್ಲೂ ಹೇಳಿದವನಲ್ಲ.

ಶಿರಿಯ ಅಳಿವೆಯಿಂದ ಸೀಂತು ಬಂದಳು,
ಮೊಣಕಾಲಿನವರೆಗೆ ಕೆಸರು ಒಣಗಿ ಬಿಳಿಚಿತ್ತು.
ಜೊತೆಗೆ ಮರಿಯುಮ್ಮ, ಬಾಯಿ ತುಂಬ ಎಲೆಯಡಿಕೆ.
"ಮರುವಾಯಿ ಹೆಕ್ಕಲಿಕ್ಕೂ ಕಾಯಿದೆಯಂತೆ, ಓದಿ ಹೇಳಿ."
ಓದಿದೆ: ಮೂವತ್ತು ಮಿಲ್ಲಿಮೀಟರಿಗಿಂತ ಸಣ್ಣದು
ಹೆಕ್ಕಿದರೆ ದಂಡ.
"ಇದನ್ನು ಬರೆದವರು ಯಾರು? ಅವರಲ್ಲಿ ಮಾತಾಡಬಹುದಾ?"

ನಕ್ಕೆ. ಇಪ್ಪತ್ತೆರಡು ವರ್ಷದ ಅನುಭವದ ನಗು.
ಅಲ್ಲಿಯ ಫೋನು, ಸೀಂತು, ಬಡಿದುಕೊಳ್ಳಲಿಕ್ಕೆ ಇರುವುದು,
ಎತ್ತಲಿಕ್ಕೆ ಅಲ್ಲ.
ಮರಿಯುಮ್ಮ ಏಳನೇ ಪುಟದ ಅಡಿಗೆ ಬೆರಳಿಟ್ಟಳು:
"ಇದು ನಂಬರಲ್ಲವಾ?"
ಅಂಕಿ ಓದಲು ಅವಳಿಗೆ ಯಾವ ಭಾಷೆಯೂ ಬೇಡ.

ಎರಡನೇ ರಿಂಗಿಗೆ ಎತ್ತಿದರು.

ಬೇರೆ ಮೇಜಿಗೆ ದಾಟಿಸಲಿಲ್ಲ. ನಾಳೆ ಅನ್ನಲಿಲ್ಲ.
ಒಂದು ಹೆಂಗಸಿನ ದನಿ, ಹಿಂದೆ ಫ್ಯಾನು,
ಯಾರೋ ಚಾದ ಲೋಟ ಇಟ್ಟ ಸದ್ದು.
ಕರಡು ಬರೆಯುತ್ತಿರುವವಳು ತಾನೇ ಎಂದಳು. "ಪರಯೂ."

ನನಗೆ ಬಾಯಿ ಬರಲಿಲ್ಲ.
ಬಾಗಿಲು ದೂಡಲು ಭುಜ ಕೊಟ್ಟವನು
ಚಿಲಕವೇ ಹಾಕಿಲ್ಲದೆ ಒಳಗೆ ಮುಗ್ಗರಿಸಿದ ಹಾಗೆ.
ಇಷ್ಟು ವರ್ಷದ ಅಷ್ಟೂ ಕಾಗದದ ಅಡಿಯಲ್ಲಿ
ಒಂದೊಂದು ನಂಬರು ಇದ್ದಿರಬಹುದೇ?
ನಾನೇ ಓದದೆ ಬಿಟ್ಟೆನೇ?

ಸೀಂತು ಫೋನು ಕಸಿದಳು.
ಕನ್ನಡ, ತುಳು, ಮೀನು ಮಾರ್ಕೆಟ್ಟಿನ ಮಲಯಾಳ, ಒಂದೇ ಬುಟ್ಟಿಯಲ್ಲಿ.
ದಪ್ಪ ಆಗಲಿ ಅಂತ ನೀವು ಕಾಯುತ್ತೀರಿ,
ಆಟಿಯ ನೆರೆ ಕಾಯುತ್ತದಾ?
ಮರಿಗಳನ್ನು ನಾವೇ ಹೊಳೆಗೆ ಬಿಡುತ್ತೇವೆ,
ನನ್ನ ಅಜ್ಜಿಯೂ ಬಿಟ್ಟವಳು, ಕಾಯಿದೆ ಕೇಳಿ ಅಲ್ಲ.
ಎಷ್ಟು ದೊಡ್ಡದನ್ನು ಹೆಕ್ಕುತ್ತೀರಿ, ಕೇಳಿತು ಆ ದನಿ.
"ಇಷ್ಟು" ಅಂದಳು ಸೀಂತು,
ಹೆಬ್ಬೆರಳ ಮೇಲಿನ ಗಂಟನ್ನು ಫೋನಿಗೆ ತೋರಿಸಿ.
"ಇಷ್ಟು ಅಂದರೆ?"
"ಇಷ್ಟು!" ಬೆರಳು ಇನ್ನೂ ಹತ್ತಿರ.

ಮಾರ್ಜಿನು ಎಳೆಯುವ ಸ್ಕೇಲು ಇಟ್ಟು ನೋಡಿದೆ. ಇಪ್ಪತ್ತಾರು.
ಉಗುರನ್ನೂ ಲೆಕ್ಕಕ್ಕೆ ಹಿಡಿದೆಯಾ ಎಂದು ಮರಿಯುಮ್ಮನ ತಕರಾರು.
ಆಚೆ ಪೆನ್ನು ಓಡಿದ್ದು ಕೇಳಿಸಿತು,
ಅಥವಾ ಕೇಳಿಸಲಿ ಎಂದು ನನಗೆ ಆಸೆಯಿತ್ತು.
"ಬರೆದೂ ಕಳಿಸಿ. ಕನ್ನಡದಲ್ಲಾದರೂ ಅಡ್ಡಿಯಿಲ್ಲ.
ಅನುವಾದಕ್ಕೆ ಹೋಗಿ ಬರುವಾಗ ಹದಿನೇಳು ದಾಟಬಹುದು, ಅಷ್ಟೆ."

ಅಷ್ಟೆ.
ಆ ಅಷ್ಟೆಯೊಳಗೆ ನನ್ನ ಮೇಜು ಹಿಡಿಸುತ್ತದೆ,
ಕುರ್ಚಿಯೂ, ಮಗಳ ಕಾಲೇಜು ಫೀಸೂ.

ಎರಡು ಭಾಷೆಯಲ್ಲೂ ಬರೆದೆ.
ವಿನಯಪೂರ್ವಕ ಎಂದು ಕೈ ತಾನಾಗಿ ಬರೆದಿತ್ತು, ಹೊಡೆದು ಹಾಕಿದೆ.
ಸೀಂತು ಎಂಟನೇ ಕ್ಲಾಸು. ಸಹಿ ಗುಂಡಗೆ, ಕನ್ನಡದಲ್ಲಿ.
ಮತ್ತೆ ಶಾಯಿಯ ಡಬ್ಬಿ ತನ್ನತ್ತ ಎಳೆದು
ಪಕ್ಕದಲ್ಲೇ ಹೆಬ್ಬೆರಳು ಒತ್ತಿದಳು, ಗಂಟಿನವರೆಗೆ.
ಸಹಿ ಬರುವವರು ಹೆಬ್ಬೆಟ್ಟು ಹಾಕಬಾರದು, ಅಂದೆ,
ಕಚೇರಿಯಲ್ಲಿ ಏನು ತಿಳಿದಾರು.
"ಹೆಬ್ಬೆಟ್ಟಲ್ಲ ಅದು," ಅಂದಳು
ಸೆರಗಿಗೆ ಬೆರಳು ಒರೆಸುತ್ತ, "ಅಳತೆ."

ಮೇಜಿನ ಮೇಲೆ ಐವತ್ತರ ನೋಟು ಇಟ್ಟು ಹೋದರು,
ಸ್ವಲ್ಪ ಒದ್ದೆ.
ಬೇಡ ಅನ್ನಬೇಕೆಂದಿದ್ದೆ.
ತೆಗೆದುಕೊಂಡೆ.